ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಎಂದಾಗ: ದತ್ತಾಂಶ ಶೇಖರಣಾ ಜಾಲದ ಸ್ವಿಚ್ಚಿನ ಮೇಲ್ವಿಚಾರಣೆ ಮತ್ತು ದೋಷಪತ್ತೆ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮುಂತಾದ ಹಳೆಯ ಬಡಾವಣೆಗಳ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿಯೂ ಬೆಂಗಳೂರು ಒನ್ ಕೇಂದ್ರಗಳಲ್ಲಿಯೂ ಸಾರ್ವಜನಿಕರು ಆಗಾಗ್ಗೆ ಕೇಳುವ ಮಾತು ‘ಸರ್ವರ್ ಇಲ್ಲ’ ಅಥವಾ ‘ಸರ್ವರ್ ಡೌನ್’ ಎಂಬುದಾಗಿದೆ. ಮನೆ ಮಾರಾಟದ ಕ್ರಯಪತ್ರ ನೋಂದಾಯಿಸಲು ಕುಟುಂಬದವರೆಲ್ಲರೂ ರಜೆ ಹಾಕಿ ಬಂದಿರುತ್ತಾರೆ. ಹೊರ ಊರಿನಿಂದ ಸಾಕ್ಷಿಗಳು ಬಂದಿರುತ್ತಾರೆ. ಬ್ಯಾಂಕಿಗೆ ಸಲ್ಲಿಸಬೇಕಾದ ಋಣಭಾರ ಪ್ರಮಾಣಪತ್ರಕ್ಕೆ ಅಂದೇ ಕೊನೆಯ ದಿನವಾಗಿರುತ್ತದೆ. ಅಂತಹ ಸಮಯದಲ್ಲಿ ಈ ಎರಡು ಪದಗಳ ಉತ್ತರದಿಂದ ಅರ್ಜಿದಾರರಿಗೆ ಉಂಟಾಗುವ ತೊಂದರೆ ಸಣ್ಣದಲ್ಲ. ಅದಕ್ಕಿಂತ ಹೆಚ್ಚಾಗಿ, ‘ನಮ್ಮ ದಾಖಲೆ ಕಳೆದುಹೋಯಿತೇ? ಕಟ್ಟಿದ ಹಣ ಏನಾಯಿತು?’ ಎಂಬ ಆತಂಕವೂ ಸಹಜವಾಗಿದೆ.

ಈ ಸ್ಥಿತಿಗೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳದ, ಆದರೆ ಬಹು ಮುಖ್ಯವಾದ ಒಂದು ಅಂಗವೆಂದರೆ ದತ್ತಾಂಶ ಕೇಂದ್ರದೊಳಗಿನ ಶೇಖರಣಾ ಜಾಲ ಮತ್ತು ಅದರ ನಡುವೆ ಕುಳಿತಿರುವ ಫೈಬರ್ ಚಾನೆಲ್ ಸ್ವಿಚ್. ಈ ಸ್ವಿಚ್ ಏನು ಮಾಡುತ್ತದೆ, ಅದರ ಆರೋಗ್ಯವನ್ನು ಹೇಗೆ ನೋಡಿಕೊಳ್ಳಲಾಗುತ್ತದೆ, ದೋಷವನ್ನು ಹೇಗೆ ಪತ್ತೆ ಹಚ್ಚಲಾಗುತ್ತದೆ ಮತ್ತು ಆ ಅವಧಿಯಲ್ಲಿ ಅರ್ಜಿದಾರರು ಯಾವ ಎಚ್ಚರಿಕೆ ವಹಿಸಬೇಕು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ. ಇದನ್ನು ತಿಳಿಯಲು ತಾಂತ್ರಿಕ ಶಿಕ್ಷಣದ ಅಗತ್ಯವಿಲ್ಲ. ರೋಕಡ ಪುಸ್ತಕದ ಆರಂಭಿಕ ಶಿಲ್ಕು ಮತ್ತು ಅಂತಿಮ ಶಿಲ್ಕುಗಳನ್ನು ತಾಳೆ ನೋಡಲು ಬಲ್ಲವರೆಲ್ಲರೂ ಇದನ್ನು ಅರ್ಥಮಾಡಿಕೊಳ್ಳಬಹುದು.

1. ದಾಖಲೆ ಎಲ್ಲಿರುತ್ತದೆ?

1908ರ ನೋಂದಣಿ ಅಧಿನಿಯಮದ ಪ್ರಕಾರ ಸ್ಥಿರಾಸ್ತಿಗೆ ಸಂಬಂಧಿಸಿದ ದಸ್ತಾವೇಜುಗಳನ್ನು 1ನೇ ಪುಸ್ತಕದಲ್ಲಿ ದಾಖಲಿಸಿ, ಹೆಸರು ಮತ್ತು ಆಸ್ತಿಗಳ ಸೂಚಿಗಳನ್ನು ಸಿದ್ಧಪಡಿಸುವುದು ಕಡ್ಡಾಯವಾಗಿದೆ. ಹಿಂದೆ ಈ ಪುಸ್ತಕಗಳು ಆಯಾ ಕಚೇರಿಯ ದಾಖಲೆ ಕೊಠಡಿಯಲ್ಲಿಯೇ ಇರುತ್ತಿದ್ದವು. ಋಣಭಾರ ಪ್ರಮಾಣಪತ್ರ ಬೇಕಾದಲ್ಲಿ ಗುಮಾಸ್ತರು ವರ್ಷವಾರು ಸೂಚಿಗಳನ್ನು ತಿರುವಿ ಹಾಕಿ ಬರೆದುಕೊಡುತ್ತಿದ್ದರು. ಪುಸ್ತಕವಿರುವ ಕಪಾಟು, ಗುಮಾಸ್ತರ ಮೇಜು, ಅರ್ಜಿದಾರರ ಕಿಟಕಿ ಈ ಮೂರೂ ಒಂದೇ ಛಾವಣಿಯ ಕೆಳಗಿದ್ದವು.

2003-04ರ ಅವಧಿಯಲ್ಲಿ ‘ಕಾವೇರಿ’ ತಂತ್ರಾಂಶವು ಬಳಕೆಗೆ ಬಂದು ನೋಂದಣಿ ಕಾರ್ಯವು ಗಣಕೀಕರಣಗೊಂಡಿತು. 2005ರ ಏಪ್ರಿಲ್ 2ರಂದು ಬೆಂಗಳೂರು ಒನ್ ಆರಂಭವಾಯಿತು. 2008ರಲ್ಲಿ ಕೇಂದ್ರ ಸರ್ಕಾರವು ರಾಜ್ಯ ದತ್ತಾಂಶ ಕೇಂದ್ರಗಳ ಯೋಜನೆಗೆ ಅನುಮೋದನೆ ನೀಡಿತು. 2023ರಲ್ಲಿ ಜಾಲತಾಣ ಆಧಾರಿತ ‘ಕಾವೇರಿ 2.0’ ಜಾರಿಗೆ ಬಂದಿತು. ಹೀಗೆ ಹಂತಹಂತವಾಗಿ ಕಪಾಟು, ಮೇಜು ಮತ್ತು ಕಿಟಕಿಗಳು ಒಂದರಿಂದ ಒಂದು ದೂರವಾದವು. ಇಂದು ಕಿಟಕಿ ಬಸವನಗುಡಿಯಲ್ಲಿರಬಹುದು ಅಥವಾ ಅರ್ಜಿದಾರರ ಮನೆಯಲ್ಲಿಯೇ ಇರಬಹುದು. ಮೇಜಿನ ಕೆಲಸವನ್ನು ದತ್ತಾಂಶ ಕೇಂದ್ರದ ಸರ್ವರ್ ಮಾಡುತ್ತದೆ. ಕಪಾಟಿನ ಸ್ಥಾನದಲ್ಲಿ ನೂರಾರು ಡಿಸ್ಕುಗಳಿರುವ ಶೇಖರಣಾ ಪೆಟ್ಟಿಗೆ ಇರುತ್ತದೆ.

ಸಾರ್ವಜನಿಕರು ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇಂತಹ ವ್ಯವಸ್ಥೆಯಲ್ಲಿ ದಾಖಲೆಯು ಸರ್ವರಿನೊಳಗೆ ಇರುವುದಿಲ್ಲ. ಸರ್ವರ್ ಕೇವಲ ಗುಮಾಸ್ತ. ಒಂದು ಹಾಳೆಯನ್ನು ಓದಬೇಕಾದರೂ ಬರೆಯಬೇಕಾದರೂ ಅದು ಕಪಾಟಿಗೆ ಹೋಗಿ ಬರಬೇಕು. ಗುಮಾಸ್ತರಿಗೂ ಕಪಾಟಿಗೂ ನಡುವಿನ ಆ ಓಣಿಯೇ ಶೇಖರಣಾ ಜಾಲ. ಓಣಿಯ ಕೂಡುರಸ್ತೆಯಲ್ಲಿ ನಿಂತು ಯಾವ ಸರ್ವರ್ ಯಾವ ಡಿಸ್ಕಿಗೆ ಹೋಗಬೇಕೆಂದು ದಾರಿ ಬಿಡುವ ಸಾಧನವೇ ಸ್ವಿಚ್.

2. ಫೈಬರ್ ಚಾನೆಲ್ ಎಂದರೇನು?

ಫೈಬರ್ ಚಾನೆಲ್ ಎಂಬುದು ಸರ್ವರ್ ಮತ್ತು ಡಿಸ್ಕುಗಳ ನಡುವಿನ ಸಂಪರ್ಕಕ್ಕಾಗಿಯೇ ರೂಪಿಸಿದ ಅಂತರರಾಷ್ಟ್ರೀಯ ಮಾನಕವಾಗಿದ್ದು, 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಅನುಮೋದನೆ ಪಡೆಯಿತು. ಇದರಲ್ಲಿ ದತ್ತಾಂಶವು ಗಾಜಿನ ಎಳೆಯೊಳಗೆ ಬೆಳಕಿನ ಮಿಡಿತಗಳಾಗಿ ಚಲಿಸುತ್ತದೆ. ಸೆಕೆಂಡಿಗೆ 1 ಗಿಗಾಬಿಟ್‌ನಿಂದ ಆರಂಭವಾದ ವೇಗವು 2, 4, 8, 16, 32 ಎಂದು ಇಮ್ಮಡಿಯಾಗುತ್ತಾ ಬಂದು 64 ಗಿಗಾಬಿಟ್‌ಗಳ ಸ್ವಿಚ್ಚುಗಳೂ ಬಳಕೆಯಲ್ಲಿವೆ. ದತ್ತಾಂಶವನ್ನು ಸುಮಾರು 2 ಕಿಲೋಬೈಟ್‌ಗಳ ತುಂಡುಗಳನ್ನಾಗಿ ಮಾಡಿ ಕಳುಹಿಸಲಾಗುತ್ತದೆ. ಈ ತುಂಡಿಗೆ ‘ಫ್ರೇಮ್’ ಎಂದು ಹೆಸರು. ಸ್ಕ್ಯಾನ್ ಮಾಡಿದ ಒಂದು ಕ್ರಯಪತ್ರವು ನೂರಾರು ಫ್ರೇಮ್‌ಗಳಾಗಿ ಪ್ರಯಾಣ ಮಾಡುತ್ತದೆ.

ಈ ಜಾಲಕ್ಕೆ ಸೇರುವ ಪ್ರತಿಯೊಂದು ಸಾಧನಕ್ಕೂ 16 ಅಂಕಾಕ್ಷರಗಳ ಒಂದು ಕಾಯಂ ಗುರುತು ಇರುತ್ತದೆ. ಸಾಧನವು ಮೊದಲು ಸ್ವಿಚ್ಚಿನಲ್ಲಿ ತನ್ನ ಹಾಜರಿ ಹಾಕಬೇಕು. ನಂತರ ತನಗೆ ಅನುಮತಿ ಇರುವ ಡಿಸ್ಕುಗಳನ್ನು ಮಾತ್ರ ನೋಡಬಹುದು. ಯಾರು ಯಾರನ್ನು ನೋಡಬಹುದೆಂಬ ಈ ಪಟ್ಟಿಗೆ ‘ಜೋನಿಂಗ್’ ಎನ್ನುತ್ತಾರೆ. ಒಂದು ಸೇವೆಯ ಸರ್ವರ್ ಮತ್ತೊಂದು ಸೇವೆಯ ದಾಖಲೆಯನ್ನು ಮುಟ್ಟದಂತೆ ತಡೆಯುವ ಮೊದಲ ಬೇಲಿ ಇದಾಗಿರುತ್ತದೆ.

3. ಟೋಕನ್ ಪದ್ಧತಿ

ಫೈಬರ್ ಚಾನೆಲ್‌ನ ಮುಖ್ಯ ಲಕ್ಷಣವನ್ನು ಬೆಂಗಳೂರು ಒನ್ ಕೇಂದ್ರದ ಟೋಕನ್ ಪದ್ಧತಿಗೆ ಹೋಲಿಸಬಹುದು. ಕೌಂಟರಿನ ಮುಂದೆ 8 ಕುರ್ಚಿಗಳಿದ್ದಲ್ಲಿ 8 ಟೋಕನ್ ಮಾತ್ರ ಕೊಡಲಾಗುತ್ತದೆ. ಒಬ್ಬರ ಕೆಲಸ ಮುಗಿದು ಕುರ್ಚಿ ಖಾಲಿಯಾದ ಮೇಲೆಯೇ ಮುಂದಿನವರಿಗೆ ಟೋಕನ್ ದೊರೆಯುತ್ತದೆ. ಅದೇ ರೀತಿ, ಫ್ರೇಮ್ ಸ್ವೀಕರಿಸುವ ಸಾಧನವು ತನ್ನಲ್ಲಿ ಎಷ್ಟು ಫ್ರೇಮ್‌ಗಳಿಗೆ ಸ್ಥಳವಿದೆ ಎಂದು ಮೊದಲೇ ತಿಳಿಸುತ್ತದೆ. ಅಷ್ಟು ‘ಕ್ರೆಡಿಟ್’ ಕಳುಹಿಸುವವರ ಖಾತೆಗೆ ಜಮಾ ಆಗುತ್ತದೆ. ಒಂದು ಫ್ರೇಮ್ ಕಳುಹಿಸಿದಾಗ ಒಂದು ಕ್ರೆಡಿಟ್ ಖರ್ಚಾಗುತ್ತದೆ. ಸ್ವೀಕರಿಸುವವರು ಆ ಸ್ಥಳವನ್ನು ಖಾಲಿ ಮಾಡಿದಾಗ ಒಂದು ಕ್ರೆಡಿಟ್ ಮರಳಿ ಜಮಾ ಆಗುತ್ತದೆ. ಖಾತೆಯ ಶಿಲ್ಕು ಶೂನ್ಯವಾದರೆ ಕಳುಹಿಸುವವರು ಕಾಯಲೇಬೇಕು.

ಸಾಮಾನ್ಯ ಅಂತರಜಾಲದಲ್ಲಿ ದಾರಿ ತುಂಬಿದಾಗ ತುಂಡುಗಳನ್ನು ಕೈಬಿಟ್ಟು, ನಂತರ ಮತ್ತೆ ಕಳುಹಿಸುವುದು ರೂಢಿ. ಶೇಖರಣಾ ಜಾಲದಲ್ಲಿ ದಟ್ಟಣೆಯ ಕಾರಣಕ್ಕೆ ಕೈಬಿಡುವ ರೂಢಿ ಇಲ್ಲ, ಕಾಯಿಸುವ ರೂಢಿ ಇದೆ. ಆದ್ದರಿಂದ ಈ ಜಾಲದ ಕಾಯಿಲೆಯು ಹೆಚ್ಚಾಗಿ ‘ನಷ್ಟ’ದ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ, ‘ವಿಳಂಬ’ದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಎಂದು ಹೇಳಲಾಗುವ ಎಷ್ಟೋ ಸಂದರ್ಭಗಳಲ್ಲಿ ಸರ್ವರ್ ಇರುತ್ತದೆ, ದಾಖಲೆಯೂ ಇರುತ್ತದೆ. ಅವೆರಡರ ನಡುವೆ ಟೋಕನ್ ಇಲ್ಲದೆ ಕೋರಿಕೆ ನಿಂತಿರುತ್ತದೆ. ಈ ಕಾಯುವಿಕೆಯ ಲೆಕ್ಕವನ್ನು ಸ್ವಿಚ್ ತಾನೇ ಬರೆದಿಡುತ್ತದೆ. ಅದನ್ನು ಓದುವುದೇ ಮೇಲ್ವಿಚಾರಣೆ.

4. ದಿನನಿತ್ಯದ ಮೇಲ್ವಿಚಾರಣೆ

ಇಂತಹ ಜಾಲದ ಉಸ್ತುವಾರಿಯಲ್ಲಿ ಈ ಕೆಳಕಂಡ ಅಂಶಗಳನ್ನು ಪ್ರತಿದಿನ ಪರಿಶೀಲಿಸುವುದು ಅವಶ್ಯಕ:

(ಅ) ಸಾಧನದ ಸ್ಥಿತಿ: ಸ್ವಿಚ್ಚಿನ ಫ್ಯಾನುಗಳು, ಉಷ್ಣಾಂಶ ಮತ್ತು ಎರಡೂ ವಿದ್ಯುತ್ ಘಟಕಗಳು. ಒಂದು ವಿದ್ಯುತ್ ಘಟಕ ಕೆಟ್ಟರೂ ಸ್ವಿಚ್ ನಡೆಯುತ್ತಿರುತ್ತದೆ. ಆದ್ದರಿಂದಲೇ ಈ ದೋಷ ಗಮನಕ್ಕೆ ಬಾರದೆ ಉಳಿಯುವ ಅಪಾಯವಿದೆ.

(ಆ) ಹಾಜರಿ: ನಿನ್ನೆ ಹಾಜರಿದ್ದ ಸರ್ವರುಗಳೂ ಡಿಸ್ಕುಗಳೂ ಇಂದೂ ಹಾಜರಿವೆಯೇ? ಯಾವುದಾದರೂ ಪೋರ್ಟ್ ತನ್ನಷ್ಟಕ್ಕೆ ಕಡಿಮೆ ವೇಗಕ್ಕೆ ಇಳಿದಿದೆಯೇ?

(ಇ) ಗಡಿಯಾರ: ಸರ್ವರ್, ಸ್ವಿಚ್ ಮತ್ತು ಶೇಖರಣಾ ಪೆಟ್ಟಿಗೆ ಈ ಮೂರರ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು. ಬ್ಯಾಂಕ್ ಪಾಸ್‌ಬುಕ್ಕಿನ ದಿನಾಂಕವೂ ರೋಕಡ ಪುಸ್ತಕದ ದಿನಾಂಕವೂ ಬೇರೆಯಾದರೆ ತಾಳೆ ಸಾಧ್ಯವಾಗದಂತೆ, ಗಡಿಯಾರಗಳು ಬೇರೆಯಾದರೆ ಯಾವ ಘಟನೆ ಮೊದಲು ನಡೆಯಿತೆಂದು ನಿರ್ಣಯಿಸಲಾಗದು.

(ಈ) ಬೆಳಕಿನ ಮಟ್ಟ: ಪ್ರತಿ ಪೋರ್ಟಿನಲ್ಲಿರುವ ಬೆರಳುದ್ದದ ಬೆಳಕಿನ ಘಟಕವು ತಾನು ಕಳುಹಿಸುತ್ತಿರುವ ಮತ್ತು ಪಡೆಯುತ್ತಿರುವ ಬೆಳಕನ್ನು ಅಳೆದು ಡೆಸಿಬೆಲ್ ಮಾನದಲ್ಲಿ ತೋರಿಸುತ್ತದೆ. 3 ಡೆಸಿಬೆಲ್ ಇಳಿಕೆ ಎಂದರೆ ಬೆಳಕು ಅರ್ಧಕ್ಕೆ ಇಳಿದಿದೆ ಎಂದರ್ಥ. 10 ಡೆಸಿಬೆಲ್ ಇಳಿಕೆ ಎಂದರೆ ಹತ್ತನೇ ಒಂದು ಭಾಗ ಮಾತ್ರ ಉಳಿದಿದೆ ಎಂದರ್ಥ.

(ಉ) ದೋಷ ಗಣಕಗಳು: ಪ್ರತಿ ಪೋರ್ಟಿನಲ್ಲಿ ಬೇರೆ ಬೇರೆ ಬಗೆಯ ದೋಷಗಳನ್ನು ಎಣಿಸುವ ಗಣಕಗಳಿರುತ್ತವೆ. ಬ್ರೊಕೇಡ್ ಮಾದರಿಯ ಸ್ವಿಚ್ಚುಗಳಲ್ಲಿ ‘ಪೋರ್ಟ್‌ಎರ್‌ಶೋ’ ಎಂಬ ಆಜ್ಞೆಯಿಂದಲೂ, ಸಿಸ್ಕೊ ಎಂಡಿಎಸ್ ಮಾದರಿಯಲ್ಲಿ ‘ಶೋ ಇಂಟರ್‌ಫೇಸ್’ ಎಂಬ ಆಜ್ಞೆಯಿಂದಲೂ ಇವುಗಳನ್ನು ನೋಡಬಹುದು.

5. ಗಣಕಗಳನ್ನು ಓದುವ ಕ್ರಮ

ಈ ಗಣಕಗಳ ಅಂಕಿಗಳನ್ನು ನೋಡಿ ತಕ್ಷಣ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಅವು ಸ್ವಿಚ್ ಆರಂಭವಾದಂದಿನಿಂದ ಅಥವಾ ಕೊನೆಯ ಬಾರಿ ಅಳಿಸಿದಂದಿನಿಂದ ಕೂಡುತ್ತಾ ಬಂದ ಮೊತ್ತಗಳಾಗಿರುತ್ತವೆ. ಒಂದು ಪೋರ್ಟಿನಲ್ಲಿ 5,000 ದೋಷಗಳಿವೆ ಎಂದು ಕಂಡರೆ ಅವು ಕಳೆದ ವರ್ಷ ಕೇಬಲ್ ಬದಲಾಯಿಸಿದ ದಿನದವೂ ಇರಬಹುದು, ಇಂದು ಬೆಳಗಿನವೂ ಇರಬಹುದು. ಆದ್ದರಿಂದ ಲೆಕ್ಕಪತ್ರದ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ. ಮೊದಲು ಆರಂಭಿಕ ಶಿಲ್ಕನ್ನು ಬರೆದುಕೊಳ್ಳಬೇಕು, ನಿಗದಿತ ಅವಧಿಯ ನಂತರ ಅಂತಿಮ ಶಿಲ್ಕನ್ನು ನೋಡಬೇಕು, ವ್ಯತ್ಯಾಸವನ್ನು ಮಾತ್ರ ಪರಿಗಣಿಸಬೇಕು.

ಮುಖ್ಯ ಗಣಕಗಳು ಮತ್ತು ಅವು ಸೂಚಿಸುವ ಸಂಗತಿಗಳು ಹೀಗಿವೆ:

ಸಂಕೇತ ನಷ್ಟ ಮತ್ತು ಸಂಪರ್ಕ ವೈಫಲ್ಯ: ಬೆಳಕು ಪೂರ್ಣ ನಿಂತುಹೋದಾಗ ಇವು ಏರುತ್ತವೆ. ಆದರೆ ಸರ್ವರನ್ನು ನಿಗದಿಯಂತೆ ಪುನರಾರಂಭ ಮಾಡಿದಾಗಲೂ ಇವು ಏರುವುದುಂಟು. ಆ ದಿನದ ಕೆಲಸದ ದಾಖಲೆಯೊಡನೆ ತಾಳೆ ನೋಡದೆ ಇವನ್ನು ದೋಷವೆಂದು ಪರಿಗಣಿಸಬಾರದು.

ಸಂಕಲನ ಪರೀಕ್ಷೆಯ ದೋಷ: ಪ್ರತಿ ಫ್ರೇಮಿನ ಕೊನೆಯಲ್ಲಿ ಅದರೊಳಗಿನ ಅಂಕಗಳಿಂದ ಲೆಕ್ಕ ಹಾಕಿದ ಒಂದು ತಾಳೆ ಸಂಖ್ಯೆ ಇರುತ್ತದೆ. ಇದಕ್ಕೆ ‘ಸಿಆರ್‌ಸಿ’ ಎನ್ನಲಾಗುತ್ತದೆ. ದಾರಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ತಾಳೆ ತಪ್ಪುತ್ತದೆ. ತಾಳೆ ತಪ್ಪಿದ ಫ್ರೇಮನ್ನು ಡಿಸ್ಕಿಗೆ ಬರೆಯುವುದಿಲ್ಲ. ಸರ್ವರ್ ಆ ಕೋರಿಕೆಯನ್ನು ಮತ್ತೆ ಕಳುಹಿಸುತ್ತದೆ. ಈ ಗಣಕವು ಏರುತ್ತಿದ್ದರೆ ಕೇಬಲ್, ಬೆಳಕಿನ ಘಟಕ ಅಥವಾ ಜೋಡಣೆಯಲ್ಲಿ ದೋಷವಿದೆ ಎಂದು ತಿಳಿಯಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಲವು ಸ್ವಿಚ್ಚುಗಳು ಫ್ರೇಮಿನ ತಲೆಭಾಗ ಬಂದೊಡನೆಯೇ ಮುಂದಕ್ಕೆ ಕಳುಹಿಸಲು ಆರಂಭಿಸುತ್ತವೆ. ಕೊನೆಯ ತಾಳೆ ತಪ್ಪಿದೆಯೆಂದು ತಿಳಿಯುವಷ್ಟರಲ್ಲಿ ಫ್ರೇಮ್ ಅರ್ಧ ಹೊರಟಿರುತ್ತದೆ. ಆಗ ಸ್ವಿಚ್ ಅದರ ಬಾಲಕ್ಕೆ ‘ಕೆಟ್ಟಿದೆ’ ಎಂಬ ಗುರುತು ಹಾಕುತ್ತದೆ. ಮುಂದಿನ ಪೋರ್ಟುಗಳಲ್ಲಿಯೂ ಅದು ದೋಷವೆಂದು ಎಣಿಕೆಯಾಗುತ್ತದೆ. ಆದರೆ ಈ ಗುರುತಿಲ್ಲದೆ ಮೊದಲ ಬಾರಿಗೆ ತಾಳೆ ತಪ್ಪಿದ ಫ್ರೇಮುಗಳಿಗೆ ಬ್ರೊಕೇಡ್ ಸ್ವಿಚ್ಚಿನಲ್ಲಿ ಪ್ರತ್ಯೇಕ ಗಣಕವಿದೆ. ಆ ಗಣಕ ಯಾವ ಪೋರ್ಟಿನಲ್ಲಿ ಏರುತ್ತಿದೆಯೋ ಆ ಪೋರ್ಟಿನ ಸಂಪರ್ಕದಲ್ಲಿಯೇ ಮೂಲ ದೋಷವಿದೆ. ಉಳಿದ ಪೋರ್ಟುಗಳ ಕೇಬಲ್ ಬದಲಾಯಿಸುವುದು ವ್ಯರ್ಥ ಶ್ರಮ.

ಕೈಬಿಟ್ಟ ಫ್ರೇಮ್‌ಗಳು: ಕ್ರೆಡಿಟ್‌ಗಾಗಿ ಕಾದ ಫ್ರೇಮ್ ಅನಂತಕಾಲ ಕಾಯುವುದಿಲ್ಲ. ಸೆಕೆಂಡಿನ ಅರ್ಧ ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಗಡುವು ಮೀರಿದರೆ ಸ್ವಿಚ್ ಅದನ್ನು ತೆಗೆದುಹಾಕುತ್ತದೆ. ಈ ಗಣಕ ಏರುವುದೆಂದರೆ ದಟ್ಟಣೆಯು ವಿಕೋಪಕ್ಕೆ ಹೋಗಿದೆ ಎಂದರ್ಥ. ಆಗ ಸರ್ವರ್ ತನ್ನ ಕೋರಿಕೆಗೆ ಉತ್ತರ ಬಾರದೆ ಹಲವು ಸೆಕೆಂಡುಗಳವರೆಗೆ ಕಾಯುತ್ತದೆ. ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಈ ಕಾಯುವ ಅವಧಿ ಸಾಮಾನ್ಯವಾಗಿ 30 ಸೆಕೆಂಡುಗಳು. ಕೌಂಟರಿನ ಪರದೆ ಅಲುಗಾಡದೆ ನಿಲ್ಲುವುದು ಇಂತಹ ವೇಳೆಯಲ್ಲಿಯೇ.

ಶೂನ್ಯ ಕ್ರೆಡಿಟ್ ಅವಧಿ: ಕಳುಹಿಸಲು ಫ್ರೇಮ್ ಇದ್ದೂ ಟೋಕನ್ ಇಲ್ಲದೆ ಕಾದ ಸಮಯ. ಬ್ರೊಕೇಡ್ ಸ್ವಿಚ್ಚುಗಳಲ್ಲಿ ಇದನ್ನು ಸೆಕೆಂಡಿನ 4 ಲಕ್ಷದ ಒಂದು ಭಾಗದ, ಅಂದರೆ 2.5 ಮೈಕ್ರೊಸೆಕೆಂಡಿನ ಘಟಕಗಳಲ್ಲಿ ಎಣಿಸಲಾಗುತ್ತದೆ. ಆದುದರಿಂದ ಅಂಕಿ ಕೋಟಿಗಳಲ್ಲಿ ಕಂಡರೂ ಗಾಬರಿಯಾಗಬೇಕಿಲ್ಲ. ಅದನ್ನು 4 ಲಕ್ಷದಿಂದ ಭಾಗಿಸಿ ಸೆಕೆಂಡುಗಳನ್ನಾಗಿ ಪರಿವರ್ತಿಸಿದ ನಂತರವೇ ನಿರ್ಣಯಿಸತಕ್ಕದ್ದು.

6. ತಪ್ಪಿತಸ್ಥರು ಯಾರು, ಬಾಧಿತರು ಯಾರು?

ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ದೇವಸ್ಥಾನದ ಬಳಿ ಕಡಲೆಕಾಯಿ ಪರಿಷೆ ನಡೆಯುವಾಗ ಬುಲ್ ಟೆಂಪಲ್ ರಸ್ತೆಯ ಸ್ಥಿತಿ ಬಸವನಗುಡಿಯ ನಿವಾಸಿಗಳಿಗೆ ತಿಳಿದದ್ದೇ. ಪರಿಷೆಯ ಜಾಗದಲ್ಲಿ ಜನ ನಿಧಾನವಾಗಿ ಚಲಿಸುತ್ತಾರೆ. ಅದರ ಹಿಂದೆ ವಾಹನಗಳ ಸಾಲು ರಾಮಕೃಷ್ಣ ಆಶ್ರಮದ ವೃತ್ತದ ಕಡೆಗೂ, ಅಲ್ಲಿಂದ ಚಾಮರಾಜಪೇಟೆಯ ಕಡೆಗೂ ಬೆಳೆಯುತ್ತದೆ. ಆ ಸಾಲಿನಲ್ಲಿ ಪರಿಷೆಗೆ ಹೋಗದವರೂ ಸಿಲುಕಿರುತ್ತಾರೆ. ಚಾಮರಾಜಪೇಟೆಯಲ್ಲಿ ನಿಂತ ವಾಹನವನ್ನು ದುರಸ್ತಿ ಮಾಡಿದರೆ ದಟ್ಟಣೆ ಕರಗುವುದಿಲ್ಲ. ಸಾಲನ್ನು ಹಿಡಿದು ಅದರ ತಲೆಯವರೆಗೆ ನಡೆಯಬೇಕು.

ಶೇಖರಣಾ ಜಾಲದಲ್ಲಿಯೂ ಇದೇ ಪ್ರಸಂಗ ಒದಗುತ್ತದೆ. ಒಂದು ಸಾಧನವು ತನಗೆ ಬಂದ ಫ್ರೇಮುಗಳನ್ನು ನಿಧಾನವಾಗಿ ಖಾಲಿ ಮಾಡಿದರೆ, ಸ್ವಿಚ್ಚುಗಳ ನಡುವಿನ ಸಾಮಾನ್ಯ ಮಾರ್ಗದಲ್ಲಿ ಅದಕ್ಕೆ ಸೇರಿದ ಫ್ರೇಮುಗಳು ತುಂಬಿಕೊಂಡು ಉಳಿದ ಸರ್ವರುಗಳ ಫ್ರೇಮುಗಳೂ ನಿಲ್ಲುತ್ತವೆ.

ವಿವರಣೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ಕೆಳಗೆ ನೀಡಲಾಗಿದೆ.

ಬೆಳಿಗ್ಗೆ 11 ಗಂಟೆಯಿಂದ ಮೂರು ಬಡಾವಣೆಗಳ ಕಚೇರಿಗಳಲ್ಲಿಯೂ ನೋಂದಣಿ ನಿಧಾನವಾಗಿದೆ ಎಂದಿಟ್ಟುಕೊಳ್ಳೋಣ. ಒಂದೇ ಕಚೇರಿಯಲ್ಲಿ ತೊಂದರೆಯಾಗಿದ್ದರೆ ಆ ಕಚೇರಿಯ ವಿದ್ಯುತ್ ಅಥವಾ ಸಂಪರ್ಕ ಮಾರ್ಗವನ್ನು ನೋಡಬೇಕಾಗಿತ್ತು. ಮೂರೂ ಕಡೆ ಒಂದೇ ಸಮಯದಲ್ಲಿ ತೊಂದರೆಯಾಗಿರುವುದರಿಂದ ಕಾರಣ ಕೇಂದ್ರದಲ್ಲಿರುವ ಸಾಧ್ಯತೆ ಹೆಚ್ಚು. ನೋಂದಣಿ ಸರ್ವರ್ ‘ಡಿಸ್ಕಿನಿಂದ ಉತ್ತರ ಬರಲು 400 ಮಿಲಿಸೆಕೆಂಡ್ ಹಿಡಿಯುತ್ತಿದೆ’ ಎಂದು ತೋರಿಸುತ್ತದೆ. ಶೇಖರಣಾ ಪೆಟ್ಟಿಗೆಯ ಲೆಕ್ಕದಲ್ಲಿ ‘ನಾನು 2 ಮಿಲಿಸೆಕೆಂಡಿನಲ್ಲಿ ಉತ್ತರ ಸಿದ್ಧಪಡಿಸಿದ್ದೇನೆ’ ಎಂದಿದೆ. ಎರಡರಲ್ಲಿಯೂ ಸುಳ್ಳಿಲ್ಲ. ವ್ಯತ್ಯಾಸದ 398 ಮಿಲಿಸೆಕೆಂಡ್ ನಡುದಾರಿಯಲ್ಲಿ ಕಳೆದಿದೆ.

ಶೇಖರಣಾ ಪೆಟ್ಟಿಗೆ ಇರುವ ಮೊದಲ ಸ್ವಿಚ್ಚಿನಿಂದ ಸರ್ವರುಗಳಿರುವ ಎರಡನೆಯ ಸ್ವಿಚ್ಚಿಗೆ ಹೋಗುವ ಪೋರ್ಟಿನಲ್ಲಿ ಶೂನ್ಯ ಕ್ರೆಡಿಟ್ ಗಣಕವು 11 ಗಂಟೆಗೆ 52 ಕೋಟಿ, 12 ಗಂಟೆಗೆ 66.4 ಕೋಟಿ ಎಂದಿದೆ. ವ್ಯತ್ಯಾಸ 14.4 ಕೋಟಿ. 4 ಲಕ್ಷದಿಂದ ಭಾಗಿಸಿದರೆ 360 ಸೆಕೆಂಡ್, ಅಂದರೆ ಒಂದು ಗಂಟೆಯಲ್ಲಿ 6 ನಿಮಿಷ, ಶೇಕಡಾ 10ರಷ್ಟು ಕಾಲ ಮಾರ್ಗ ನಿಂತಿತ್ತು. ಆದರೆ ಇದು ಸಾಲಿನ ನಡುಭಾಗ ಮಾತ್ರ. ಎರಡನೆಯ ಸ್ವಿಚ್ಚಿಗೆ ಹೋಗಿ ಪ್ರತಿ ಸರ್ವರಿನ ಪೋರ್ಟನ್ನು ನೋಡಿದಾಗ, ನೋಂದಣಿ ಸರ್ವರಿನ ಪೋರ್ಟಿನಲ್ಲಿ ಗಣಕ ಏರಿಲ್ಲ. 17ನೇ ಪೋರ್ಟಿನಲ್ಲಿ ಮಾತ್ರ ಅದೇ ಅವಧಿಯಲ್ಲಿ 43.2 ಕೋಟಿ ಏರಿದೆ. ಅಂದರೆ 18 ನಿಮಿಷ, ಶೇಕಡಾ 30ರಷ್ಟು. ಅಲ್ಲಿರುವುದು ಪ್ರತಿ ತೆಗೆಯುವ ಹಳೆಯ ಸರ್ವರ್. ಅದರ ಕಾರ್ಡಿನ ವೇಗ 4 ಗಿಗಾಬಿಟ್, ಉಳಿದ ಜಾಲದ ವೇಗ 16 ಗಿಗಾಬಿಟ್. ರಾತ್ರಿ ಮುಗಿಯಬೇಕಾಗಿದ್ದ ಪ್ರತಿ ತೆಗೆಯುವ ಕೆಲಸ ಹಗಲಿಗೂ ಮುಂದುವರಿದಿದೆ. ತಾನು ಖಾಲಿ ಮಾಡಬಲ್ಲದ್ದಕ್ಕಿಂತ ಹೆಚ್ಚು ದತ್ತಾಂಶವನ್ನು ಅದು ತರಿಸಿಕೊಳ್ಳುತ್ತಿದೆ.

ಇಲ್ಲಿ ನೋಂದಣಿ ಸರ್ವರ್ ಬಾಧಿತ ಮಾತ್ರ. ಅದನ್ನು ಎಷ್ಟು ಬಾರಿ ಪುನರಾರಂಭ ಮಾಡಿದರೂ ಫಲವಿಲ್ಲ. ಬದಲಾಗಿ, ಅರ್ಧ ಮುಗಿದ ಅರ್ಜಿಗಳು ರದ್ದಾಗಿ ಕೌಂಟರಿನ ಸಾಲು ಇನ್ನಷ್ಟು ಬೆಳೆಯುತ್ತದೆ. ಸರಿಯಾದ ಕ್ರಮವೆಂದರೆ ಪ್ರತಿ ತೆಗೆಯುವ ಕೆಲಸವನ್ನು ತಕ್ಷಣ ನಿಲ್ಲಿಸಿ ರಾತ್ರಿಗೆ ವರ್ಗಾಯಿಸುವುದು, ನಂತರ ಆ ಸರ್ವರಿನ ಕಾರ್ಡನ್ನು ಬದಲಾಯಿಸುವುದು. ತುರ್ತಿನಲ್ಲಿ ಎಲ್ಲವನ್ನೂ ಆರಿಸಿ ಹೊತ್ತಿಸುವ ಬದಲು ಅರ್ಧ ಗಂಟೆ ಲೆಕ್ಕ ನೋಡುವುದು ಏಕೆ ಮೇಲೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

7. ದುರಸ್ತಿ ಕ್ರಮ

ದೋಷವು ಭೌತಿಕವೆಂದು ಖಚಿತವಾದಲ್ಲಿ ಹಗುರವಾದ ಕ್ರಮದಿಂದ ಆರಂಭಿಸಲಾಗುತ್ತದೆ. ಬೆಳಕು ಹರಿಯುವ ಗಾಜಿನ ಒಳಎಳೆಯ ವ್ಯಾಸವು ಕಡಿಮೆ ದೂರದ ಕೇಬಲ್‌ಗಳಲ್ಲಿ 50 ಮೈಕ್ರಾನ್, ಹೆಚ್ಚು ದೂರದ ಕೇಬಲ್‌ಗಳಲ್ಲಿ ಸುಮಾರು 9 ಮೈಕ್ರಾನ್ ಇರುತ್ತದೆ. ಎರಡೂ ತಲೆಗೂದಲಿಗಿಂತ ತೆಳು. ಕಣ್ಣಿಗೆ ಕಾಣದ ಧೂಳಿನ ಕಣ ಅಥವಾ ಬೆರಳಿನ ಜಿಡ್ಡು ಬೆಳಕನ್ನು ತಡೆಯಲು ಸಾಕು. ಆದ್ದರಿಂದ ಮೊದಲು ತುದಿಯನ್ನು ಶುಚಿಗೊಳಿಸಿ, ಕೇಬಲ್ ಎಲ್ಲಿಯಾದರೂ ಮಡಚಿದೆಯೇ ಎಂದು ನೋಡಲಾಗುತ್ತದೆ. ನಂತರ ಕೇಬಲ್, ಆಮೇಲೆ ಬೆಳಕಿನ ಘಟಕ, ಕೊನೆಗೆ ಪೋರ್ಟ್ ಬದಲಾವಣೆ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಿ ಮತ್ತೆ ಆರಂಭಿಕ ಶಿಲ್ಕು, ಅಂತಿಮ ಶಿಲ್ಕು ನೋಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ. ಕೆಟ್ಟ ಘಟಕ ಮತ್ತೆ ಉಗ್ರಾಣ ಸೇರಿ ಇನ್ನೊಂದು ದಿನ ಬಳಕೆಗೆ ಬರುವ ಸಂಭವವಿದೆ.

ಸುಸಜ್ಜಿತ ಶೇಖರಣಾ ಜಾಲದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮಾರ್ಗಗಳಿರುತ್ತವೆ. ಒಂದು ಮಾರ್ಗದ ಸ್ವಿಚ್ ಕೆಟ್ಟರೆ ಸರ್ವರ್ ಇನ್ನೊಂದರ ಮೂಲಕ ಕೆಲಸ ಮುಂದುವರಿಸುತ್ತದೆ. ಆದರೆ ಒಂದು ಮಾರ್ಗವನ್ನು ದುರಸ್ತಿಗೆ ನಿಲ್ಲಿಸುವ ಮುನ್ನ ಪ್ರತಿಯೊಂದು ಸರ್ವರಿಗೂ ಎರಡನೆಯ ಮಾರ್ಗ ನಿಜವಾಗಿಯೂ ತೆರೆದಿದೆಯೇ ಎಂದು ಪರಿಶೀಲಿಸಬೇಕು. ಕಾಗದದ ಮೇಲೆ ಎರಡು ಮಾರ್ಗವಿದ್ದು ವಾಸ್ತವದಲ್ಲಿ ಒಂದು ತಿಂಗಳುಗಳಿಂದ ಮುಚ್ಚಿದ್ದರೆ, ದುರಸ್ತಿಯೇ ಸ್ಥಗಿತಕ್ಕೆ ಕಾರಣವಾಗುತ್ತದೆ. ಪೂರ್ಣ ಕೆಟ್ಟು ನಿಂತ ಮಾರ್ಗಕ್ಕಿಂತ ಅರ್ಧ ಕೆಟ್ಟ ಮಾರ್ಗ ಹೆಚ್ಚು ತೊಂದರೆ ಕೊಡುತ್ತದೆ ಎಂಬುದೂ ಗಮನಾರ್ಹ. ನಿಂತ ಮಾರ್ಗವನ್ನು ಸರ್ವರ್ ಕೂಡಲೇ ಬಿಟ್ಟುಬಿಡುತ್ತದೆ. ಕುಂಟುವ ಮಾರ್ಗವನ್ನು ನಂಬಿ ಪ್ರತಿ ಬಾರಿಯೂ ಕಾಯುತ್ತದೆ.

8. ಎಲ್ಲ ಸ್ಥಗಿತಕ್ಕೂ ಸ್ವಿಚ್ ಕಾರಣವಲ್ಲ

ಕೌಂಟರಿನಲ್ಲಿ ಕಾಣುವ ಲಕ್ಷಣ ಒಂದೇ ಆದರೂ ಕಾರಣಗಳು ಬೇರೆ ಬೇರೆ. 2025ರ ಜನವರಿಯಲ್ಲಿ ಕಾವೇರಿ 2.0 ಸೇವೆಗೆ ಅಡ್ಡಿಯುಂಟಾದದ್ದು ಹುಸಿ ಕೋರಿಕೆಗಳನ್ನು ಅಪಾರ ಸಂಖ್ಯೆಯಲ್ಲಿ ಹರಿಸಿದ ಸೈಬರ್ ದಾಳಿಯಿಂದ. ಅದು ಕಿಟಕಿಯ ಮುಂದೆ ಸುಳ್ಳು ಅರ್ಜಿದಾರರ ಗುಂಪು ನಿಂತಂತೆ. ಒಳಗಿನ ಓಣಿಯ ದೋಷವಲ್ಲ. ಆದ್ದರಿಂದಲೇ ಮೇಲ್ಕಂಡ ಕ್ರಮದಲ್ಲಿ ಕಿಟಕಿ, ಮೇಜು, ಓಣಿ, ಕಪಾಟು ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಅಳೆಯುವುದು ಅವಶ್ಯಕವಾಗಿದೆ.

9. ಅರ್ಜಿದಾರರು ವಹಿಸಬೇಕಾದ ಎಚ್ಚರಿಕೆಗಳು

(1) ಪರದೆ ನಿಂತ ಸಮಯವನ್ನು ಗಂಟೆ ಮತ್ತು ನಿಮಿಷ ಸಹಿತ ಬರೆದಿಟ್ಟುಕೊಳ್ಳುವುದು. ‘ಬೆಳಿಗ್ಗೆ ಆಗಲಿಲ್ಲ’ ಎಂಬ ದೂರಿಗಿಂತ ‘11 ಗಂಟೆ 20 ನಿಮಿಷಕ್ಕೆ ನಿಂತು 11 ಗಂಟೆ 45 ನಿಮಿಷಕ್ಕೆ ಸರಿಯಾಯಿತು’ ಎಂಬ ದೂರನ್ನು ಸ್ವಿಚ್ಚಿನ ದಾಖಲೆಯೊಡನೆ ತಾಳೆ ನೋಡಲು ಸಾಧ್ಯ.

(2) ಅರ್ಜಿ ಸಂಖ್ಯೆ ಅಥವಾ ಸ್ವೀಕೃತಿ ಸಂಖ್ಯೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಬಂದಿದ್ದಲ್ಲಿ ಹೊಸ ಅರ್ಜಿ ಸಲ್ಲಿಸುವ ಮುನ್ನ ಆ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು. ಬಾರದಿದ್ದಲ್ಲಿ ಅರ್ಜಿ ಪೂರ್ಣಗೊಂಡಿದೆ ಎಂದು ಭಾವಿಸಬಾರದು.

(3) ಖಾತೆಯಿಂದ ಹಣ ಕಡಿತವಾಗಿದ್ದು ಪರದೆಯಲ್ಲಿ ರಸೀದಿ ಬಾರದಿದ್ದಲ್ಲಿ ಎರಡನೆಯ ಬಾರಿ ಪಾವತಿಸಬಾರದು. ಖಜಾನೆ-2ರ ಚಲನ್ ಉಲ್ಲೇಖ ಸಂಖ್ಯೆಯಿಂದ ಪಾವತಿಯ ಸ್ಥಿತಿಯನ್ನು ಮೊದಲು ಪರಿಶೀಲಿಸುವುದು.

(4) ಬ್ರೌಸರಿನ ‘ರಿಫ್ರೆಶ್’ ಗುಂಡಿಯನ್ನು ಪದೇ ಪದೇ ಒತ್ತಬಾರದು. ಪ್ರತಿ ಒತ್ತುವಿಕೆಯೂ ಈಗಾಗಲೇ ನಿಂತ ಸಾಲಿಗೆ ಮತ್ತೊಂದು ಕೋರಿಕೆಯನ್ನು ಸೇರಿಸುತ್ತದೆ.

(5) ಮರುದಿನ ಬರಬೇಕಾದಲ್ಲಿ ಗುರುತಿನ ಮೂಲ ದಾಖಲೆಗಳನ್ನೂ ಅಂದಿನ ಟೋಕನ್ ಅಥವಾ ಮುಂಗಡ ಕಾಯ್ದಿರಿಸಿದ ವಿವರವನ್ನೂ ತರುವುದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವಿಚ್ ಕೆಟ್ಟರೆ ನನ್ನ ಹಳೆಯ ಕ್ರಯಪತ್ರದ ದಾಖಲೆ ಅಳಿಸಿಹೋಗುತ್ತದೆಯೇ?
ಉತ್ತರ: ಇಲ್ಲ. ಸ್ವಿಚ್ಚಿನಲ್ಲಿ ದಾಖಲೆಗಳು ಶೇಖರವಾಗಿರುವುದಿಲ್ಲ. ಅದು ದಾರಿ ಮಾತ್ರ. ದಾರಿ ಮುಚ್ಚಿದರೆ ದಾಖಲೆಯನ್ನು ತಲುಪಲಾಗದು, ಆದರೆ ದಾಖಲೆ ಇದ್ದಲ್ಲಿಯೇ ಇರುತ್ತದೆ.

ಪ್ರಶ್ನೆ: ಭಾವಚಿತ್ರ ಮತ್ತು ಹೆಬ್ಬೆರಳಿನ ಗುರುತು ತೆಗೆದುಕೊಂಡ ನಂತರ ಪರದೆ ನಿಂತಿತು. ಮತ್ತೆ ಕೊಡಬೇಕೇ?
ಉತ್ತರ: ಆ ಹಂತವು ಡಿಸ್ಕಿನಲ್ಲಿ ದಾಖಲಾಗಿ ದೃಢೀಕರಣ ಬಂದಿದ್ದಲ್ಲಿ ಅಗತ್ಯವಿಲ್ಲ. ದೃಢೀಕರಣಕ್ಕೆ ಮುನ್ನವೇ ನಿಂತಿದ್ದಲ್ಲಿ ಮತ್ತೆ ಕೊಡಬೇಕಾಗಬಹುದು. ಅರ್ಧ ಬರೆದ ನಮೂದನ್ನು ಉಳಿಸಿಕೊಳ್ಳುವುದಕ್ಕಿಂತ ಅದನ್ನು ರದ್ದುಪಡಿಸಿ ಹೊಸದಾಗಿ ಬರೆಯುವುದೇ ದತ್ತಾಂಶ ವ್ಯವಸ್ಥೆಯ ನಿಯಮ. ಇದರಿಂದ ಅರ್ಜಿದಾರರ ಹಕ್ಕಿಗೆ ರಕ್ಷಣೆ ದೊರೆಯುತ್ತದೆ.

ಪ್ರಶ್ನೆ: ಇಂದು ನೋಂದಣಿ ಆಗದಿದ್ದರೆ ನಮ್ಮ ಕ್ರಯಪತ್ರ ಅಸಿಂಧುವಾಗುತ್ತದೆಯೇ?
ಉತ್ತರ: ನೋಂದಣಿ ಅಧಿನಿಯಮದ 23ನೇ ಪ್ರಕರಣದಂತೆ ದಸ್ತಾವೇಜಿಗೆ ಸಹಿ ಮಾಡಿದ ದಿನದಿಂದ 4 ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬಹುದು. ಅನಿವಾರ್ಯ ಕಾರಣದಿಂದ ಈ ಅವಧಿ ಮೀರಿದಲ್ಲಿ 25ನೇ ಪ್ರಕರಣದಂತೆ ಜುಲ್ಮಾನೆಯೊಡನೆ ಮತ್ತೆ 4 ತಿಂಗಳವರೆಗೆ ಅವಕಾಶ ಕೋರಬಹುದು. ಒಂದು ದಿನದ ತಾಂತ್ರಿಕ ಅಡಚಣೆಯಿಂದ ಹಕ್ಕು ನಷ್ಟವಾಗುವುದಿಲ್ಲ. ಆದರೂ ಕೊನೆಯ ದಿನದವರೆಗೆ ಕಾಯದಿರುವುದು ಒಳ್ಳೆಯದು.

ಪ್ರಶ್ನೆ: ಸರ್ವರ್ ತೊಂದರೆಯಿಂದ ಸೇವೆ ವಿಳಂಬವಾದರೆ ಪರಿಹಾರವಿದೆಯೇ?
ಉತ್ತರ: 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದಡಿ, ಅಂದರೆ ‘ಸಕಾಲ’ ಯೋಜನೆಯಡಿ, ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ಇರುತ್ತದೆ. ಕಾಲಮಿತಿ ಮೀರಿದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ಇದಕ್ಕೆ ಅರ್ಜಿ ಸಲ್ಲಿಸುವಾಗ ನೀಡಲಾಗುವ ಸಕಾಲ ಸಂಖ್ಯೆ ಅವಶ್ಯಕ. ಆದ್ದರಿಂದ ಆ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು.

ಪ್ರಶ್ನೆ: ಯಾವಾಗ ಸರಿಯಾಗುತ್ತದೆ ಎಂದು ಕೌಂಟರಿನ ಸಿಬ್ಬಂದಿ ಏಕೆ ಹೇಳುವುದಿಲ್ಲ?
ಉತ್ತರ: ಕೌಂಟರಿನ ಸಿಬ್ಬಂದಿಗೆ ಕಾಣುವುದು ನಿಮಗೆ ಕಾಣುವ ಅದೇ ನಿಂತ ಪರದೆ ಮಾತ್ರ. ದೋಷ ಎಲ್ಲಿದೆ ಎಂಬುದು ದತ್ತಾಂಶ ಕೇಂದ್ರದಲ್ಲಿ ಲೆಕ್ಕ ತಾಳೆ ನೋಡಿದ ನಂತರವೇ ತಿಳಿಯುತ್ತದೆ. ಆದಾಗ್ಯೂ, ಕಚೇರಿಯ ಮುಖ್ಯಸ್ಥರಲ್ಲಿ ಲಭ್ಯ ಮಾಹಿತಿಯನ್ನು ಕೇಳುವ ಹಕ್ಕು ಅರ್ಜಿದಾರರಿಗೆ ಇದ್ದೇ ಇದೆ.

ಕೊನೆಯ ಮಾತು

ಕಪಾಟು ಕಣ್ಣೆದುರಿಗಿದ್ದ ಕಾಲದಲ್ಲಿ ಪುಸ್ತಕ ಸಿಗಲು ತಡವಾದರೆ ಏಕೆಂದು ಅರ್ಜಿದಾರರೇ ನೋಡಬಹುದಾಗಿತ್ತು. ಇಂದು ಕಪಾಟು ಕಾಣುವುದಿಲ್ಲ. ಕಾಣದಿರುವಾಗ ಅನುಮಾನ ಹುಟ್ಟುವುದು ಸಹಜ. ದಾರಿಯಲ್ಲಿ ಕಾದ ಪ್ರತಿ ಕ್ಷಣದ ಲೆಕ್ಕವೂ ಸ್ವಿಚ್ಚಿನಲ್ಲಿ ದಾಖಲಾಗುತ್ತದೆ ಎಂಬುದನ್ನೂ, ಆ ಲೆಕ್ಕವನ್ನು ಸಕಾಲದಲ್ಲಿ ಓದುವುದು ಆಡಳಿತದ ಕರ್ತವ್ಯವೆಂಬುದನ್ನೂ ಸಾರ್ವಜನಿಕರು ತಿಳಿದಿರಬೇಕು. ಅರ್ಜಿದಾರರು ಸಮಯ, ಸಂಖ್ಯೆ ಮತ್ತು ರಸೀದಿ ಈ ಮೂರನ್ನು ಜೋಪಾನವಾಗಿರಿಸಿಕೊಂಡಲ್ಲಿ, ವಿಳಂಬವಾದ ಸೇವೆಯನ್ನು ಮರಳಿ ಪಡೆಯುವುದು ಸುಲಭವಾಗುತ್ತದೆ. ಈ ನಿಟ್ಟಿನಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.